ಗಾಜಿಗೆ ಹಿಡಿದ ರಟ್ಟು

ಮನೆಯ ಹಿಂದಿನ ಮರದ ಮಿಲ್ಲಿನಲ್ಲಿ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಗರಗಸ ಶುರುವಾಗುತ್ತದೆ. ಮೊದಲು ಬರೀ ಗುಂಯ್ ಎನ್ನುವ ಸದ್ದು. ಹಲ್ಲು ಮರಕ್ಕೆ ತಾಗಿದ ಕೂಡಲೇ ಕಿರುಚಾಟ. ದಿಮ್ಮಿ ಎರಡಾಗಿ ಬಿದ್ದ ಮೇಲೆ ಮತ್ತೆ ಗುಂಯ್. ಒಳಕೋಣೆಯಲ್ಲಿ ಮಲಗಿರುವ ಆಪರೇಟರ್, ಕಣ್ಣು ಬಿಡುವ ಮೊದಲೇ ಇವತ್ತು ಕೊಯ್ಯುತ್ತಿರುವುದು ಹಸಿ ಮರವೋ ಒಣಗಿದ್ದೋ ಹೇಳಬಲ್ಲ. ಕಿವಿಯನ್ನು ನಂಬಿ ಬದುಕುವ ಕಸುಬು ಅವನದು. ಹದಿನೇಳು ವರ್ಷದಿಂದ ಪೇಟೆಬೀದಿಯ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದಾನೆ. ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಮನೆಯಲ್ಲಿ ಭಾವ ಕೂಡ "ಆಪರೇಟರ್ ಎದ್ದನಾ?" ಎಂದೇ ಕೇಳುವುದು.

ಅವನ ಕೋಣೆಗೆ ಹೊರಬಾಗಿಲಿಲ್ಲ. ಹೊರಗೆ ಬರಬೇಕಾದರೆ ಅಕ್ಕ ಭಾವ ಮಲಗುವ ಕೋಣೆಯನ್ನು ದಾಟಬೇಕು, ಆಮೇಲೆ ಅಕ್ಕನ ಹೊಲಿಗೆ ಮೆಷಿನ್ ಇರುವ ನಡುಮನೆ, ಆಮೇಲೆ ಬೀದಿ. ಬೆಳಿಗ್ಗೆ ಎಚ್ಚರವಾದರೂ ಭಾವ ಕೆಮ್ಮಿ ಎದ್ದು ಹೋಗುವ ತನಕ ಇವನು ಚಾವಣಿ ನೋಡುತ್ತಾ ಬಿದ್ದಿರುತ್ತಾನೆ. ಯಾರೂ ಹಾಗಿರು ಎಂದು ಹೇಳಿದ್ದಲ್ಲ. ಅಮ್ಮ ತೀರಿಕೊಂಡಾಗ ಇವನಿಗೆ ಒಂಬತ್ತು, ಅಕ್ಕನಿಗೆ ಹದಿನೆಂಟು. ಮದುವೆಯಾಗಿ ಬಂದ ಮನೆಗೆ ಅಕ್ಕ ತಮ್ಮನನ್ನೂ ಕರೆದುಕೊಂಡು ಬಂದಳು. ಉಳಿದಿದ್ದ ಒಂದೇ ಕೋಣೆ ಅದು. ಇಪ್ಪತ್ತೊಂಬತ್ತು ವರ್ಷವಾಯಿತು, ಅವನು ಅದರಲ್ಲೇ ಇದ್ದಾನೆ.

ಆ ಸೋಮವಾರ ನಡುಮನೆಗೆ ಬಂದಾಗ ಅಕ್ಕ ಶಾಲೆಯ ಸಮವಸ್ತ್ರಗಳ ರಾಶಿಯ ನಡುವೆ ಕೂತಿದ್ದಳು. ಗುಂಡಿ ಹಚ್ಚುವುದು ಅವನ ಪಾಲಿನ ಕೆಲಸ; ಸೂಜಿಗೆ ದಾರ ಪೋಣಿಸಿಕೊಂಡು ಕೂತ.

"ಭಾನುವಾರ ಹತ್ತು ಗಂಟೆಗೆ ಅವರ ಮನೇಲಿರ್ಬೇಕು," ಅಕ್ಕ ಮೆಷಿನ್ನಿನಿಂದ ಕಣ್ಣೆತ್ತದೆ ಹೇಳಿದಳು. "ಈ ಸಲ ಮಾತು ಮುಗಿಸಿಕೊಂಡೇ ಬರೋದು."

"ಭಾನುವಾರಾನೂ ನಾಲ್ಕು ಶೋ ಇರತ್ತಕ್ಕಾ. ಹನ್ನೊಂದಕ್ಕೇ ಶುರು."

"ನಿನ್ನ ಮ್ಯಾನೇಜರನ್ನ ಕೇಳಾಯ್ತು. ಒಂದು ಶೋ ಅವರೇ ನೋಡ್ಕೋತಾರಂತೆ."

"ನೀನ್ಯಾವಾಗ ಕೇಳ್ದೆ?"

"ನೀನು ಕೇಳಲ್ಲ ಅಂತ ಗೊತ್ತಿತ್ತಲ್ಲ, ಅದಕ್ಕೇ ಹೋಗಿ ಕೇಳ್ದೆ." ಹಲ್ಲಿನಲ್ಲಿ ದಾರ ಕಡಿದು ನಕ್ಕಳು. "ಮೂವತ್ತೆಂಟು ಆಯ್ತು ಕಣೋ ನಿಂಗೆ. ನನ್ನ ಕಣ್ಣು ಮಂಜಾಗ್ತಿದೆ. ನಾಳೆ ನಿನಗ್ಯಾರು ಅಂತ ನೆನೆಸಿಕೊಂಡ್ರೆ ನನಗೆ ತುತ್ತು ಇಳಿಯಲ್ಲ."

ಅವಳು ನೋಡಿಟ್ಟಿದ್ದು ಪುಸ್ತಕಾಲಯದಲ್ಲಿ ಕೆಲಸ ಮಾಡುವ ಒಬ್ಬಾಕೆಯನ್ನು. ಗಂಡ ತೀರಿಕೊಂಡು ನಾಲ್ಕು ವರ್ಷ. ತಿಂಗಳ ಹಿಂದೆ ಒಮ್ಮೆ ಭೇಟಿಯಾಗಿತ್ತು. ಹಿರಿಯರು ಎದ್ದು ಒಳಗೆ ಹೋದ ಮೇಲೆ ಆಕೆ ನೇರವಾಗಿಯೇ ಕೇಳಿದ್ದಳು: "ನಿಮಗೆ ಮನಸ್ಸಿದೆಯಾ? ಇಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ, ನಾನೇನೂ ತಪ್ಪು ತಿಳ್ಕೊಳ್ಳಲ್ಲ." ಅಷ್ಟು ಸಲೀಸಾದ ಬಾಗಿಲನ್ನು ಬದುಕಿನಲ್ಲಿ ಯಾರೂ ಅವನಿಗೆ ತೆರೆದು ಹಿಡಿದಿರಲಿಲ್ಲ. ಅವನು ಚಹಾದ ಲೋಟ ನೋಡುತ್ತಾ "ಅಕ್ಕ ಹೇಳಿದ ಹಾಗೆ" ಎಂದಿದ್ದ.

ಮನಸ್ಸಿಲ್ಲ ಎನ್ನುವುದು ಹೇಳಲಾಗದ ಮಾತೇನಲ್ಲ. ಯಾಕೆ ಎಂದು ಕೇಳಿದರೆ ಬಾಯಿ ಕಟ್ಟುತ್ತಿತ್ತು. ಒಂದು ಕಾಲದಲ್ಲಿ ಕನ್ನಡಕದ ಅಂಗಡಿಯವನೊಬ್ಬ ಅಂಗಡಿಗೆ ರಜೆ ಇದ್ದಾಗಲೆಲ್ಲ ಬಂದು ಪ್ರೊಜೆಕ್ಟರ್ ಕೋಣೆಯ ಸ್ಟೂಲಿನ ಮೇಲೆ ಕೂರುತ್ತಿದ್ದ. ಏಳು ವರ್ಷ ಬಂದ. ಜೀವದ ಗೆಳೆಯರು ಎಂದುಕೊಂಡರು ಎಲ್ಲರೂ. ಅಕ್ಕ ಅವನಿಗೂ ಸೇರಿಸಿ ಡಬ್ಬಿ ಕಟ್ಟಿ ಕೊಡುತ್ತಿದ್ದಳು. ಒಂದು ದಿನ ಅವನು ಮದುವೆಯ ಕಾರ್ಡು ತಂದು ಪ್ರೊಜೆಕ್ಟರಿನ ಮೇಲಿಟ್ಟು, "ಮನೇಲಿ ಬಿಡ್ತಿಲ್ಲ" ಎಂದು ಹೇಳಿ ಹೋದ. ಈಗ ಅಂಗಡಿಯಲ್ಲಿ ಅವನ ಹೆಂಡತಿ ಕೂರುತ್ತಾಳೆ. ಯಾವಾಗ ಬರುತ್ತದೆಂದು ಯಾರೂ ಹೇಳದ ಬಸ್ಸಿಗೆ ಕಾದವಳ ಹಾಗೆ ಬೀದಿ ನೋಡುತ್ತಾ ಇರುತ್ತಾಳೆ. ಆಪರೇಟರ್ ಆ ಮುಖವನ್ನು ದಿನಕ್ಕೆರಡು ಸಲ ದಾಟಿ ಹೋಗಬೇಕು. ಪುಸ್ತಕಾಲಯದಾಕೆಯನ್ನು ಅಂಥ ಒಂದು ಕುರ್ಚಿಯಲ್ಲಿ ತಂದು ಕೂರಿಸಲು ಅವನಿಗೆ ಮನಸ್ಸು ಬಾರದು. ಅಕ್ಕನಿಗೆ ಹೇಳೋಣವೆಂದರೆ, ಟೀವಿಯಲ್ಲಿ ಗಂಡಸನ್ನೇ ಪ್ರೀತಿಸುವ ಗಂಡಸರ ಸುದ್ದಿ ಬಂದ ಕೂಡಲೇ ಅವಳು ರಿಮೋಟ್ ಹುಡುಕುವುದನ್ನು ಅವನು ಕಂಡಿದ್ದ. "ಇವರಿಗೆಲ್ಲ ಮನೇಲಿ ಹೆತ್ತವರು ಇರಲ್ವಾ?" ಎಂದು ಒಮ್ಮೆ ಕೇಳಿದ್ದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದವಳ ಹಾಗೆ. ಇವನಿಗೆ ಹೆತ್ತವಳ ಸ್ಥಾನದಲ್ಲಿದ್ದವಳು ಅವಳೇ.

ಆ ಸೋಮವಾರಕ್ಕೆ ಮೂರು ದಿನ ಮೊದಲಷ್ಟೇ ಚಿತ್ರಮಂದಿರಕ್ಕೆ ಒಂದು ಸಿನಿಮಾ ಬಂದಿತ್ತು. ಬರಬೇಕಾಗಿದ್ದ ದೊಡ್ಡ ಚಿತ್ರ ಒಂದು ವಾರ ತಡವಾಯಿತು; ಖಾಲಿ ಬಿದ್ದ ಪರದೆಗೆ ಯಾವುದೋ ಒಂದನ್ನು ತುಂಬಿಸಬೇಕಿತ್ತು. ಒಬ್ಬ ಲಾರಿ ಡ್ರೈವರ್, ಒಬ್ಬ ಗಡಿಯಾರ ರಿಪೇರಿಯವನು, ಅವರಿಬ್ಬರ ಪ್ರೀತಿಯ ಕತೆ. ಶುಕ್ರವಾರ ಮೊದಲ ಆಟಕ್ಕೆ ಮುಂಚೆ ಮ್ಯಾನೇಜರ್ ಏದುಸಿರು ಬಿಡುತ್ತಾ ಇಪ್ಪತ್ತೆರಡು ಕಬ್ಬಿಣದ ಮೆಟ್ಟಿಲು ಹತ್ತಿ ಬಂದರು.

"ಅದರಲ್ಲೊಂದು ಸೀನಿದೆಯಂತೆ. ರಟ್ಟು ಹಿಡಿ."

"ಸೆನ್ಸಾರ್ ಆಗಿದೆಯಲ್ಲ ಸರ್?"

"ಸೆನ್ಸಾರ್‌ನವರು ಬಿಟ್ಟಿರಬಹುದಪ್ಪಾ, ನಮ್ಮ ಬೀದಿಯವರು ಬಿಡಬೇಕಲ್ಲ. ನಾಳೆ ಗಾಜು ಒಡೆದ್ರೆ ಸೆನ್ಸಾರ್‌ನವರು ಬಂದು ಹಾಕಿಸ್ಕೊಡ್ತಾರಾ?"

ರಟ್ಟು ಹಿಡಿಯುವುದು ಆ ಚಿತ್ರಮಂದಿರದ ಹಳೆಯ ಪದ್ಧತಿ. ರೀಲು ಇದ್ದ ಕಾಲದಲ್ಲಿ ಬೇಡದ ದೃಶ್ಯವನ್ನು ಕತ್ತರಿಯಿಂದ ಕತ್ತರಿಸಿ, ಚಿತ್ರ ಹಿಂದಿರುಗಿಸುವಾಗ ಅಂಟಿಸಿ ಕೊಡುತ್ತಿದ್ದರು. ಈಗ ಚಿತ್ರ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬರುತ್ತದೆ, ಅದನ್ನು ಮುಟ್ಟುವ ಹಾಗಿಲ್ಲ. ಅದಕ್ಕೇ ಪ್ರೊಜೆಕ್ಟರಿನ ದೀಪ ಬಂದ ರಟ್ಟಿನ ಪೆಟ್ಟಿಗೆಯ ಮುಚ್ಚಳವೊಂದಕ್ಕೆ ಕಪ್ಪು ಬಣ್ಣ ಬಳಿದು ಗೋಡೆಗೆ ತೂಗುಹಾಕಿದ್ದಾರೆ. ದೃಶ್ಯ ಬಂದಾಗ ಬೆಳಕು ಹೋಗುವ ಗಾಜಿಗೆ ಅದನ್ನು ಅಡ್ಡ ಹಿಡಿಯುವುದು, ಮುಗಿದ ಮೇಲೆ ತೆಗೆಯುವುದು. ಪರದೆ ಕಪ್ಪಾಗುತ್ತದೆ, ಸದ್ದು ಮಾತ್ರ ನಡೆಯುತ್ತಿರುತ್ತದೆ. ಹಿಡಿಯುವ ಕ್ಷಣವನ್ನು ಕಣ್ಣಿನಿಂದ ಕಾದರೆ ತಡವಾಗುತ್ತದೆಂದು ಆಪರೇಟರ್ ಸದ್ದಿನಿಂದ ಗುರುತಿಟ್ಟುಕೊಳ್ಳುತ್ತಾನೆ. ಈ ಚಿತ್ರದಲ್ಲಿ ನಾಯಿ ಎರಡು ಸಲ ಬೊಗಳಿದರೆ ರಟ್ಟು ಮೇಲೆ, ರೈಲು ಕೂಗಿದರೆ ಕೆಳಗೆ. ನಡುವೆ ನಲವತ್ತು ಸೆಕೆಂಡು.

ಆ ನಲವತ್ತು ಸೆಕೆಂಡಿನಲ್ಲಿ ಏನಿತ್ತು ಎನ್ನುವುದು ಅವನೊಬ್ಬನಿಗೆ ಗೊತ್ತಿತ್ತು. ಶುಕ್ರವಾರ ಬೆಳಿಗ್ಗೆ ಖಾಲಿ ಹಾಲಿನಲ್ಲಿ ಪರೀಕ್ಷೆಗೆಂದು ಹಾಕಿ ನೋಡಿದ್ದ. ಡ್ರೈವರ್ ಕೈ ಸೀಳಿಕೊಂಡು ಬರುತ್ತಾನೆ. ಗಡಿಯಾರದವನು ಬೋಗುಣಿಯಲ್ಲಿ ನೀರಿಟ್ಟುಕೊಂಡು ಆ ಕೈಯನ್ನು ತೊಳೆಯುತ್ತಾನೆ. ಗಡಿಯಾರದ ಒಳಗಿನ ಚಕ್ರಗಳನ್ನು ಒರೆಸುವಷ್ಟೇ ನಿಧಾನವಾಗಿ ಒಂದೊಂದೇ ಬೆರಳನ್ನು ಒರೆಸಿ, ಕೊನೆಗೆ ಆ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಕೂರುತ್ತಾನೆ. ಅಷ್ಟೇ. ಖಾಲಿ ಕುರ್ಚಿಗಳ ಮೇಲೆ ಆ ಬೆಳಕು ಬಿದ್ದಾಗ ಆಪರೇಟರಿಗೆ ಕುತ್ತಿಗೆಯ ಹಿಂದೆ ಯಾರೋ ಉಸಿರಾಡಿದಂತಾಗಿ ಸ್ಟೂಲಿನ ಕಡೆ ತಿರುಗಿ ನೋಡಿದ್ದ.

ಕತ್ತಲಲ್ಲಿ ಕೂತವರಿಗೆ ಕೇಳುತ್ತಿದ್ದದ್ದು ನೀರಿನ ಸದ್ದು, ಉಸಿರಿನ ಸದ್ದು. ಮೊದಲ ದಿನ ಇಡೀ ಸಿನಿಮಾ ಹಾಲ್ ಸೀಟಿಯಿಂದ ಕಿತ್ತುಹೋಯಿತು. ಯಾರೋ ಬಾಯಿಂದ ಮುತ್ತಿನ ಸದ್ದು ಮಾಡಿದ. ಇನ್ಯಾರೋ "ಲೈಟ್ ಹಾಕ್ರೋ, ನಾವೂ ಕಲೀತೀವಿ" ಎಂದ. ಆಪರೇಟರ್ ಕೈ ಚಾಚಿ ರಟ್ಟು ಹಿಡಿದು ನಿಂತೇ ಇದ್ದ. ದಿನಕ್ಕೆ ನಾಲ್ಕು ಸಲ.

ಗೇಟಿನಲ್ಲಿ ಟಿಕೆಟ್ ಹರಿಯುವ ಮುದುಕನನ್ನು ಎಲ್ಲರೂ ಗೇಟಣ್ಣ ಎನ್ನುತ್ತಾರೆ. ಆ ಶುಕ್ರವಾರ ಬಂದವರಿಗೆಲ್ಲ ಅವನು, "ಹೋಗ್ರಪ್ಪಾ, ಹೆಣ್ಣೇ ಇಲ್ಲದ ಸಿನಿಮಾ, ಹೀರೋಯಿನ್ ಸಂಬಳ ಉಳೀತು," ಎಂದು ಹಾಸ್ಯ ಮಾಡುತ್ತಿದ್ದ. ಶನಿವಾರ ಬಾಗಿಲಿಗೆ ಒರಗಿ ಸ್ವಲ್ಪ ಹೊತ್ತು ನೋಡಿದ. ಭಾನುವಾರ ಕಾಲು ನೋವೆಂದು ಹಿಂದಿನ ಸಾಲಿನಲ್ಲಿ ಕೂತೇಬಿಟ್ಟ. ಮಂಗಳವಾರ ಮ್ಯಾಟಿನಿಯಲ್ಲಿ ಸೀಟಿ ಹೊಡೆದ ಇಬ್ಬರ ತಲೆಯ ಮೇಲೆ ಟಾರ್ಚ್ ಬಿಟ್ಟು, "ಮನುಷ್ಯನ ಕಷ್ಟ ನೋಡೋಕಾಗಲ್ಲ ಅಂದ್ರೆ ಎದ್ದು ಹೋಗಿ" ಎಂದು ಗದರಿದ. ಇದನ್ನು ಕಿಂಡಿಯಿಂದ ನೋಡಿದ ಆಪರೇಟರಿಗೆ ತನ್ನ ಕಣ್ಣನ್ನು ತಾನೇ ನಂಬಲಾಗಲಿಲ್ಲ. ಆ ದಿನದ ಹೊತ್ತಿಗೆ ಸೀಟಿಯೂ ಕಡಿಮೆಯಾಗಿತ್ತು. ಕತ್ತಲಲ್ಲಿ ಯಾರೋ ಒಬ್ಬ ಕೂಗಿದರೆ ಇನ್ನೊಂದು ದನಿ "ಸುಮ್ನಿರೋ" ಎನ್ನುತ್ತಿತ್ತು.

ಬುಧವಾರ ಗೇಟಣ್ಣ ಎರಡು ಲೋಟ ಚಹಾ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ.

"ಏನಯ್ಯಾ, ನಿಜ ಹೇಳು. ಆ ಕತ್ತಲಲ್ಲಿ ಏನ್ ಮಾಡ್ತಾರೆ ಅವರು?"

"ನೀವೇನಂದ್ಕೊಂಡಿದೀರಿ?"

"ಥೂ, ಹೇಳೋ ಅಂಥದ್ದಾ ಅದು? ಒಂದೊಂದು ಶೋಗೆ ಒಂದೊಂದು ಅಂದ್ಕೋತೀನಿ. ಮೊದ್ಲು ಅಷ್ಟು ಒಳ್ಳೇವರ ಹಾಗೆ ಕಾಣ್ತಾರೆ ಇಬ್ರೂ. ಆ ಕತ್ತಲಾದ ಮೇಲೆ ಅವರ ಮುಖ ನೋಡೋಕೆ ನಂಗೇ ಸಂಕೋಚ."

ಆಪರೇಟರ್ ಹೇಳಿದ. ನೀರು, ಬೋಗುಣಿ, ಬೆರಳು, ಕೆನ್ನೆ. ಗೇಟಣ್ಣ ಲೋಟ ಕೆಳಗಿಟ್ಟ.

"ಕೈ ತೊಳೀತಾನೆ?"

"ಹೂಂ."

"ಅಷ್ಟಕ್ಕೇ ಇಡೀ ವಾರ ನಮ್ಮ ತಲೇಲಿ ಏನೇನೋ ತುಂಬಿಸಿದ್ಯಲ್ಲೋ, ಪಾಪಿ." ಆಮೇಲೆ ಯಾರನ್ನೂ ನೋಡದೆ ಹೇಳಿದ: "ನಮ್ಮ ಚಿಕ್ಕಪ್ಪನ ಮಗ ಒಬ್ಬ ಇದ್ದ, ಹಿಂಗೇ. ನಾವೆಲ್ಲ ಸೇರಿ ಆಡ್ಕೊಂಡು ಆಡ್ಕೊಂಡು ಅವನು ಊರು ಬಿಡೋ ಹಾಗ್ ಮಾಡಿದ್ವಿ. ಎಲ್ಲಿದಾನೋ. ಈ ಗಡಿಯಾರದವನು ನಕ್ಕರೆ ಥೇಟ್ ಅವನೇ."

ಗೇಟಣ್ಣ ಇಳಿದು ಹೋದ ಮೇಲೆ ಆಪರೇಟರ್ ಗೋಡೆಯ ರಟ್ಟನ್ನೇ ನೋಡುತ್ತಾ ಕೂತ. ಈ ಮುದುಕನ ಮನಸ್ಸನ್ನು ಸಿನಿಮಾ ಎಲ್ಲಿಂದಲೋ ಎಲ್ಲಿಗೋ ಕರೆದುಕೊಂಡು ಬಂದಿತ್ತು. ದಾರಿಯಲ್ಲಿ ಎಡವಿಸಿದ್ದು ಮಾತ್ರ ತನ್ನ ಕೈ. ಮುಚ್ಚಿದ್ದರಿಂದಲೇ ಅದು ಹೊಲಸಾಯಿತು. ಹಾಗಾದರೆ ಅಕ್ಕ ಇದನ್ನು ಪೂರ್ತಿಯಾಗಿ, ಮುಚ್ಚುಮರೆಯಿಲ್ಲದೆ ನೋಡಿದರೆ? ತಾನು ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಆ ಗಡಿಯಾರದವನು ಎರಡು ಗಂಟೆಯಲ್ಲಿ ಅವಳಿಗೆ ಹೇಳಿಬಿಡುತ್ತಾನೆ. ಆಮೇಲೆ ತಾನು ಹೇಳಬೇಕಾದ್ದು ಒಂದೇ ವಾಕ್ಯ. ಗುರುವಾರ ಕೊನೆಯ ದಿನ. ಶುಕ್ರವಾರಕ್ಕೆ ದೊಡ್ಡ ಚಿತ್ರ ಬರುತ್ತದೆ, ಭಾನುವಾರಕ್ಕೆ ಪುಸ್ತಕಾಲಯದಾಕೆಯ ಮನೆ.

ಗುರುವಾರ ಬೆಳಿಗ್ಗೆ ಗುಂಡಿ ಹಚ್ಚುತ್ತಾ, "ಅಕ್ಕಾ, ಇವತ್ತು ಮ್ಯಾಟಿನಿಗೆ ಬರ್ತೀಯಾ?" ಎಂದ.

ಅವಳು ಮೆಷಿನ್ ನಿಲ್ಲಿಸಿದಳು. "ನೀನು ಕರೀತಿದೀಯಾ? ಹದಿನೇಳು ವರ್ಷಕ್ಕೆ ಮೊದಲ್ನೇ ಸಲ."

"ಸಿನಿಮಾ ಚೆನ್ನಾಗಿದೆ."

"ಚೆನ್ನಾಗಿರ್ಲಿ, ಕೆಟ್ಟಿರ್ಲಿ, ನೀನು ಕರೆದ ಮೇಲೆ ಬರದೇ ಇರ್ತೀನಾ?" ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದಿಟ್ಟಳು.

ಎರಡೂವರೆಗೆ ಕಿಂಡಿಯಿಂದ ನೋಡಿದರೆ ಅಕ್ಕ ಬಾಲ್ಕನಿಯ ಎರಡನೆಯ ಸಾಲಿನಲ್ಲಿದ್ದಳು. ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು. ಮ್ಯಾನೇಜರ್ ಯಾವುದೋ ಕೆಲಸಕ್ಕೆ ಹೊರಗೆ ಹೋಗಿದ್ದರು. ಎಲ್ಲ ಕೂಡಿಬಂದಿತ್ತು. ಮೊದಲರ್ಧದಲ್ಲಿ ಅವಳು ಎರಡು ಸಲ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಅವನಿಗೆ ಕಂಡಿತು. ಅವಳ ತಲೆ ಒಂಚೂರು ಬಾಗಿದರೂ ಇವನು ಗಾಜಿಗೆ ಹಣೆ ಹಚ್ಚುತ್ತಿದ್ದ. ಪರದೆಯ ಕಡೆ ಅವನ ಗಮನವೇ ಇರಲಿಲ್ಲ. ಭಾನುವಾರದ ಬಗ್ಗೆ ಹೇಗೆ ಮಾತೆತ್ತುವುದು, ಎಲ್ಲಿ ನಿಂತು, ಯಾವ ಪದದಿಂದ ಶುರು ಮಾಡುವುದು ಎಂದು ತುಟಿಯಲ್ಲೇ ಜೋಡಿಸಿಕೊಳ್ಳುತ್ತಿದ್ದ.

ನಾಯಿ ಎರಡು ಸಲ ಬೊಗಳಿತು.

ಹಾಲಿನಲ್ಲಿ ಸೀಟಿ ಎದ್ದಾಗಲೇ ಅವನಿಗೆ ಗೊತ್ತಾಗಿದ್ದು, ಕಪ್ಪು ರಟ್ಟು ಗಾಜಿನ ಮುಂದಿದೆ ಎಂದು. ಅದನ್ನು ಹಿಡಿದಿದ್ದು ಅವನದೇ ಕೈ. ಈಗ ಹಿಡಿ ಎಂದು ಆ ಕೈಗೆ ಯಾರೂ ಹೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಸದ್ದು ಕೇಳಿದ ಕೂಡಲೇ ಗೋಡೆಗೆ ಹೋಗಿ, ರಟ್ಟು ತೆಗೆದುಕೊಂಡು, ತನ್ನ ಪಾಡಿಗೆ ತಾನು ಮೇಲೆದ್ದಿತ್ತು. ಕೊನೆಯ ದಿನವೆಂದು ಯಾವುದೋ ಪುಂಡರ ಗುಂಪು ಮುಂದಿನ ಸಾಲಿನಲ್ಲಿತ್ತು. ಮೊದಲ ದಿನದ ಕೂಗಾಟವೆಲ್ಲ ಒಟ್ಟಿಗೇ ವಾಪಸು ಬಂದಿತು. ಅವನು ಗಾಬರಿಯಲ್ಲಿ ರಟ್ಟನ್ನು ಕೆಳಗೆ ಬಿಟ್ಟ. ಅಷ್ಟರಲ್ಲಿ ತೊಳೆಯುವುದು ಮುಗಿದಿತ್ತು, ಕೆನ್ನೆಗೆ ಒತ್ತಿಕೊಂಡದ್ದೂ ಮುಗಿದಿತ್ತು. ಪರದೆಯ ತುಂಬ ಇದ್ದದ್ದು ಕೆಂಪಾದ ನೀರಿನ ಬೋಗುಣಿಯೊಂದೇ. ರೈಲು ಕೂಗಿತು. ಅಕ್ಕನ ಪಕ್ಕದ ಹೆಂಗಸು ಎದ್ದು ಹೊರಗೆ ನಡೆದಳು. ಅಕ್ಕ ತಲೆ ತಗ್ಗಿಸಿದವಳು ಮತ್ತೆ ಎತ್ತಲಿಲ್ಲ.

ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ತೋರಿಸಲೇ ಎನಿಸಿತು. ತುಂಬಿದ ಹಾಲಿನಲ್ಲಿ ಹಾಗೆ ಮಾಡಲಾದೀತೆ? ಉಳಿದ ಅರ್ಧ ಗಂಟೆ ಅವನು ಆ ಬಿಸಿ ಕೋಣೆಯಲ್ಲಿ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತಿದ್ದ.

ಆಟ ಮುಗಿದಾಗ ಅಕ್ಕ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದಳು. ಗೇಟಣ್ಣ ಅಲ್ಲೇ ಹರಿದ ಟಿಕೆಟುಗಳನ್ನು ಗುಡಿಸುತ್ತಿದ್ದ.

"ಮೊದ್ಲು ಚೆನ್ನಾಗಿತ್ತು ಕಣೋ," ಅಕ್ಕ ಹೇಳಿದಳು. "ಡ್ರೈವರ್ ಬರ್ತಾನೆ ಅಂತ ಆ ಗಡಿಯಾರದವನು ಎರಡು ಲೋಟ ಇಟ್ಕೊಂಡು ಕಾಯ್ತಾನಲ್ಲ, ನಂಗೆ ಅಳುವೇ ಬಂತು. ಇವರೂ ನಮ್ಮ ಥರಾನೇ ಅಲ್ವಾ ಅನ್ನಿಸ್ತು. ಆಮೇಲೆ ಆ ಕತ್ತಲು. ಆ ಕೆಂಪು ನೀರು. ಅಂಥ ಹೊಲಸು ಏನಿತ್ತು ಅಲ್ಲಿ? ನಂಗೂ ಎದ್ದು ಹೋಗೋಣ ಅನ್ನಿಸ್ತು, ನೀನು ಕರೆದಿದೀಯ ಅಂತ ಕೂತೆ."

"ಹೊಲಸು ಏನೂ ಇರ್ಲಿಲ್ಲಕ್ಕಾ."

"ಏನೂ ಇಲ್ದೆ ಯಾರಾದ್ರೂ ಮುಚ್ತಾರಾ? ಯಾರು ಮುಚ್ಚಿದ್ದು?"

"ನಾನೇ."

ಅವಳು ಅವನನ್ನೇ ನೋಡಿದಳು. ಗೇಟಣ್ಣ ಪೊರಕೆ ನಿಲ್ಲಿಸಿ, "ಕೈ ಗಾಯ ತೊಳೀತಾನಮ್ಮಾ, ಅಷ್ಟೇ. ನಂಗೂ ನಿನ್ನೆ ತನಕ ಗೊತ್ತಿರ್ಲಿಲ್ಲ," ಎಂದ. ಯಾಕೋ ಅಲ್ಲಿ ನಿಲ್ಲಬಾರದೆನಿಸಿ ಬುಟ್ಟಿ ಎತ್ತಿಕೊಂಡು ಆಚೆ ಹೋದ.

"ಗಾಯ ತೊಳೆಯೋದನ್ನ ಮುಚ್ಚಿಟ್ಯಾ?" ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೆ ಅದನ್ನ ತೋರ್ಸೋಕೇ ಕರೆದ್ಯೇನೋ?"

ಅಕ್ಕ ಅಂಗಿಯ ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಹುಡುಕುವವಳ ಹಾಗೆ ಅವನ ಮುಖದ ಮೇಲೆ ಕಣ್ಣಾಡಿಸಿದಳು. ಒಂದು ಕಡೆ ಕಣ್ಣು ನಿಂತಿತು. ನಿಂತಿದ್ದನ್ನು ತಾನೇ ಬೇಡವೆಂದುಕೊಂಡು ತಟ್ಟನೆ ಕಿತ್ತುಕೊಂಡಳು.

"ಹೋಗ್ಲಿ ಬಿಡು. ಸಿನಿಮಾ ತಾನೆ. ಭಾನುವಾರಕ್ಕೆ ಆ ನೀಲಿ ಶರ್ಟ್ ಇಸ್ತ್ರಿ ಮಾಡಿಡ್ತೀನಿ."

"ಭಾನುವಾರ ಬೇಡಕ್ಕಾ."

"ಮುಂದಿನ ವಾರ ಹೋಗೋಣ ಅಂತೀಯಾ?"

"ಯಾವ ವಾರಾನೂ ಬೇಡ. ಆಕೆಗೆ ನಾನೇ ಹೋಗಿ ಹೇಳ್ತೀನಿ. ಒಳ್ಳೇ ಹೆಂಗಸು, ನನ್ನ ಜೊತೆ ಹಾಳಾಗೋದು ಬೇಡ."

ಒಳಗೆ ಮುಂದಿನ ಆಟದ ಮೊದಲ ಗಂಟೆ ಹೊಡೆಯಿತು. ಅಕ್ಕ ಅವನ ತೋಳು ಹಿಡಿದುಕೊಂಡಳು; ಬಿಡುವ ಹಿಡಿತವಲ್ಲ ಅದು. ಚಿಕ್ಕವನಿದ್ದಾಗ ರಸ್ತೆ ದಾಟುವಾಗ ಹೀಗೇ ಹಿಡಿಯುತ್ತಿದ್ದಳು.

"ಕಾರಣ ಕೇಳಿದ್ರೆ ಏನಂತ ಹೇಳಲಿ ನಾನು? ನಿಮ್ಮ ಭಾವ ಕೇಳ್ತಾರೆ. ಎಲ್ರೂ ಕೇಳ್ತಾರೆ. ನಂಗೆ ಮೊದ್ಲು ಹೇಳೋ. ಏನಿದ್ರೂ ಹೇಳು."

ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅವಳ ಮುಖ ನೋಡಿದರೆ ಆಗುವುದಿಲ್ಲವೆಂದು ಅವಳ ಹೆಗಲಾಚೆಯ ಪೋಸ್ಟರಿನ ಕಡೆ ನೋಡುತ್ತಾ, "ಅಕ್ಕಾ, ಆ ಗಡಿಯಾರದವನಿಗೆ ಯಾರಾದ್ರೂ ಹೆಣ್ಣು ನೋಡಿದ್ರೆ ಹೇಗಿರ್ತಿತ್ತು ಹೇಳು. ನಾನೂ ಅವನ ಥರ..." ಎಂದವನು ಅಷ್ಟಕ್ಕೇ ತಿರುಗಿ ಮೆಟ್ಟಿಲು ಹತ್ತತೊಡಗಿದ.